ಗೆಕೊ ಬೆನ್ನಿನ ಮಚ್ಚೆ ಮರಿಗೂ ಬರುತ್ತದೆಯೇ?

ಕಳೆದ ಮಳೆಗಾಲದಲ್ಲಿ ಡೊಂಬಿವ್ಲಿಯ ನನ್ನ ಕ್ಲಿನಿಕ್ಕಿಗೆ ಕಾಲೇಜು ಹುಡುಗಿಯೊಬ್ಬಳು ತಾನು ಸಾಕಿದ ಲೆಪರ್ಡ್ ಗೆಕೊ ಅನ್ನುವ ಹಲ್ಲಿ ತಂದಿದ್ದಳು. ಜೊತೆಗೆ ಅಜ್ಜಿ. ಊರು ಧಾರವಾಡದ ಕಡೆ. ಗೋಡೆಯ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ಅಜ್ಜಿ, ಮೊಮ್ಮಗಳ ಹಲ್ಲಿಯ ಡಬ್ಬಿಯನ್ನು ತಾವೇ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನೋಡಿ ಖುಷಿಯಾಯಿತು.

ಅದು ಆಲ್ಬಿನೋ. ತಿಳಿ ಹಳದಿ ಮೈ, ಕಪ್ಪಿನ ಸುಳಿವೇ ಇಲ್ಲ. ಆದರೆ ಬೆನ್ನಿನ ಬಲಗಡೆ ಒಂದೇ ಒಂದು ಕಪ್ಪು ಮಚ್ಚೆ. "ಮರಿ ಮಾಡಿಸಿದರೆ ಅವಕ್ಕೂ ಇದು ಬರುತ್ತಾ ಡಾಕ್ಟ್ರೇ?" ಅಂತ ಹುಡುಗಿ ಕೇಳಿದಳು.

ನಾನು ಮೊದಲು ನೋಡುವುದು ಅದು ನಿಜಕ್ಕೂ ಬಣ್ಣವೇ ಅಂತ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಂಡ ಗೆಕೊಗಳನ್ನು ಎಷ್ಟೋ ನೋಡಿದ್ದೇನೆ. ಆ ಕಲೆಯನ್ನೂ ಮಚ್ಚೆ ಅಂದುಕೊಂಡಿರುತ್ತಾರೆ. ಪೊರೆ ಪೂರ್ತಿ ಬಿಡದೆ ಅಂಟಿಕೊಂಡರೂ ಕಲೆಯಂತೆ ಕಾಣುತ್ತದೆ. ನಮ್ಮ ಮುಂಬೈ ಮಳೆಯಲ್ಲಿ ಟ್ಯಾಂಕ್ ಸದಾ ಒದ್ದೆಯಾಗಿದ್ದರೆ ಚರ್ಮಕ್ಕೆ ಸೋಂಕೂ ತಗಲುತ್ತದೆ. ಇವು ಯಾವುವೂ ಮರಿಗೆ ಹೋಗುವುದಿಲ್ಲ.

ಈ ಹುಡುಗಿಯ ಗೆಕೊಗೆ ಆ ತೊಂದರೆಗಳಿರಲಿಲ್ಲ. ಮಚ್ಚೆ ಸಮತಟ್ಟಾಗಿತ್ತು, ಮರಿಯಾಗಿದ್ದಾಗಿನ ಫೋಟೋದಲ್ಲೂ ಇತ್ತು. ಸಾಕುವವರು ಇದನ್ನು 'ಪ್ಯಾರಡಾಕ್ಸ್' ಅನ್ನುತ್ತಾರೆ. ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಒಂದು ಜೀವಕೋಶದಲ್ಲಿ ಏನೋ ಬದಲಾದರೆ, ಅದರಿಂದ ಹುಟ್ಟಿದ ಕೋಶಗಳೆಲ್ಲ ಬೇರೆ ಬಣ್ಣ ತೋರಿಸಬಹುದು. ಬದಲಾವಣೆ ಆ ತುಂಡು ಚರ್ಮದಲ್ಲಷ್ಟೇ ಇದ್ದರೆ, ಅಂಡಾಣುವಿಗೋ ವೀರ್ಯಕ್ಕೋ ಅದು ತಲುಪುವುದಿಲ್ಲ. ಹಾಗಾಗಿ ಇಂಥ ಒಂಟಿ ಮಚ್ಚೆಯ ಆಸೆಗೆ ಮರಿ ಮಾಡಿಸಿದರೆ ಸಾಮಾನ್ಯವಾಗಿ ಕೈಗೆ ಬರುವುದು ಮಚ್ಚೆಯಿಲ್ಲದ ಮರಿಗಳೇ.

ಆದರೆ ಅದರ ಆಲ್ಬಿನೋ ಬಣ್ಣ ಖಂಡಿತ ವಂಶದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಇಲ್ಲೊಂದು ಗಮ್ಮತ್ತಿದೆ. ಲೆಪರ್ಡ್ ಗೆಕೊಗಳಲ್ಲಿ ಟ್ರೆಂಪರ್, ಬೆಲ್, ರೇನ್‌ವಾಟರ್ ಅಂತ ಮೂರು ಬಗೆಯ ಆಲ್ಬಿನೋ ಇವೆ. ಟ್ರೆಂಪರ್‌ಗೂ ಬೆಲ್‌ಗೂ ಜೋಡಿ ಮಾಡಿಸಿದರೆ ಮರಿಗಳು ಸಾಮಾನ್ಯ ಬಣ್ಣದಲ್ಲೇ ಹುಟ್ಟುತ್ತವೆ! ಮೂರೂ ಬೇರೆ ಬೇರೆ ಜೀನ್‌ಗಳ ಕೆಲಸ. ಆ ಮರಿಗಳು ಎರಡೂ ಜೀನ್‌ಗಳನ್ನು ಒಳಗೊಳಗೇ ಹೊತ್ತಿರುತ್ತವೆ. ಮಾರುವವರು ಯಾವ ಬಗೆ ಅಂತ ಹೇಳದೆ ಕೊಟ್ಟರೆ ಮುಂದಿನ ಪೀಳಿಗೆಯಲ್ಲಿ ಯಾರಿಗೂ ಲೆಕ್ಕ ಸಿಗುವುದಿಲ್ಲ.

ಇನ್ನು ಕ್ರೆಸ್ಟೆಡ್ ಗೆಕೊ ಅನ್ನುವ ಇನ್ನೊಂದು ಜಾತಿಯ ಹಲ್ಲಿಗಳ ಡಾಲ್ಮೇಷಿಯನ್ ಚುಕ್ಕೆ, ಅಂದರೆ ಆ ಹೆಸರಿನ ನಾಯಿಗಿರುವಂಥ ಚುಕ್ಕೆ. ಅದು ವಂಶದಲ್ಲಿ ಹರಿಯುತ್ತದೆ. ಆದರೆ ಎಷ್ಟು ಚುಕ್ಕೆ, ಎಲ್ಲೆಲ್ಲಿ ಅನ್ನುವುದು ಅಪ್ಪನ ನಕಲಾಗಿರುವುದಿಲ್ಲ. ಅಮ್ಮನ ಮೈಬಣ್ಣ ಮಗಳಿಗೆ ಬಂದರೂ ಕೆನ್ನೆಯ ಮಚ್ಚೆ ಅದೇ ಜಾಗಕ್ಕೆ ಬರುವುದಿಲ್ಲ, ಅಲ್ವಾ? ಲೆಪರ್ಡ್ ಗೆಕೊ ಮರಿಗಳಿಗಂತೂ ಮೊದಲು ಪಟ್ಟೆ ಇರುತ್ತದೆ. ಬೆಳೆಯುತ್ತಾ ಅದು ಒಡೆದು ಚುಕ್ಕೆಗಳಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಓಡಿಬರಬೇಕಿಲ್ಲ. ಮೊಟ್ಟೆಗೆ ಕೊಡುವ ಶಾಖವೂ ಲೆಕ್ಕಕ್ಕೆ ಬರುತ್ತದೆ. ಅದು ಮರಿ ಗಂಡೋ ಹೆಣ್ಣೋ ಅನ್ನುವುದನ್ನು ನಿರ್ಧರಿಸುತ್ತದೆ, ಬಣ್ಣ ತಿಳಿಯಾಗುವುದಕ್ಕೂ ಗಾಢವಾಗುವುದಕ್ಕೂ ಕಾರಣವಾಗುತ್ತದೆ. ಅದು ಜೀನ್ ಅಲ್ಲ.

ನನಗೆ ನಿಜವಾಗಿ ಸಂಕಟ ಕೊಡುವುದು ಲೆಮನ್ ಫ್ರಾಸ್ಟ್ ಅನ್ನುವ ಬಣ್ಣದ ಲೆಪರ್ಡ್ ಗೆಕೊಗಳ ಕಥೆ. ಹೊಳೆಯುವ ಬಿಳಿ, ಹಳದಿ ಮೈ. ನೋಡಿದರೆ ಕಣ್ಣು ಕೀಳಲಾಗದು. ಆದರೆ 2021ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಬಣ್ಣದ ನಂಟು ಸ್ಪಿಂಟ್1 ಅನ್ನುವ ಜೀನ್ ಇರುವ ಜಾಗಕ್ಕೆ ಇದೆ ಎಂದು ತೋರಿಸಿದರು. ಈ ಗೆಕೊಗಳಲ್ಲಿ ಶೇ. 80ಕ್ಕೂ ಹೆಚ್ಚಿನವಕ್ಕೆ ಬಿಳಿ ಬಣ್ಣದ ಕೋಶಗಳಿಂದಲೇ ಗಡ್ಡೆ ಬೆಳೆಯುತ್ತದೆ. ಚೆಂದವೂ ಗಡ್ಡೆಯೂ ಒಟ್ಟಿಗೇ ಮರಿಗೆ ಹೋಗುತ್ತವೆ. ಲೆಪರ್ಡ್ ಗೆಕೊಗಳಲ್ಲೇ ಎನಿಗ್ಮಾ ಅನ್ನುವ ಇನ್ನೊಂದು ಬಣ್ಣದವು ಕೆಲವು ತಲೆ ವಾಲಿಸಿಕೊಂಡು ಸುತ್ತುತ್ತಾ, ಹುಳವನ್ನು ಸರಿಯಾಗಿ ಹಿಡಿಯಲಾಗದೆ ಒದ್ದಾಡುತ್ತವೆ. ಇವನ್ನು ಮರಿ ಮಾಡಿಸಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಸಾಕಿದ್ದರೆ ಪ್ರೀತಿಯಿಂದ ಸಾಕಿ, ಅಷ್ಟೇ.

ಮಚ್ಚೆ ದಪ್ಪವಾಗಿ ಮೇಲೆದ್ದರೆ, ಅಂಚು ಹರಡಿದರೆ, ದೊಡ್ಡ ಗೆಕೊಗೆ ಹೊಸದಾಗಿ ಮೂಡಿದರೆ ಸುಮ್ನೆ ಕೂರಬೇಡಿ, ತೋರಿಸಿ. ಪ್ರತಿ ಪೊರೆ ಬಿಟ್ಟ ಮೇಲೆ ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿಡಿ. ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಆ ಹುಡುಗಿ ಹಾಗೇ ಮಾಡುತ್ತಿದ್ದಾಳೆ. ಇದುವರೆಗೆ ಆರು ಫೋಟೋ ಬಂದಿವೆ. ಮಚ್ಚೆ ಇದ್ದಷ್ಟೇ ಇದೆ. ಕೊನೆಯದರಲ್ಲಿ ನಾಣ್ಯ ಹಿಡಿದಿರುವುದು ಅಜ್ಜಿಯ ಬೆರಳು.