ಅದುರುವ ಬ್ಲೋವರಿಗೆ ವೋಲ್ಟೇಜ್ ಏನು ಮಾಡೀತು?

ಭದ್ರಾ ನಾಲೆಯ ಭತ್ತ ಮಿಲ್ಲಿಗೆ ಬರತೊಡಗಿದರೆ ದಾವಣಗೆರೆಯ ಮಾಲೀಕರಿಂದ ನನಗೆ ಬರುವ ಕರೆಗಳೆಲ್ಲ ಒಂದೇ ಧಾಟಿಯವು. ಬ್ಲೋವರ್, ಅಂದರೆ ಗಾಳಿ ಊದುವ ಫ್ಯಾನು, ಮನಸ್ಸಿಗೆ ಬಂದಂತೆ ಅದುರುತ್ತಿದೆ, ವೋಲ್ಟೇಜ್ ಏರುಪೇರೇ ಕಾರಣ. ನಾನು ಹೋಗುವ ಮುನ್ನವೇ ತೀರ್ಪು ಸಿದ್ಧ! ಒಬ್ಬರಂತೂ ಹೊಸ ಸ್ಟೆಬಿಲೈಜರಿಗೆ ಕುಂಕುಮ ಹಚ್ಚಿ ಕೂರಿಸಿಯೇ ಬಿಟ್ಟಿದ್ದರು. ಕಾಫಿ ಕುಡಿಸದೆ ಕಳಿಸದ ಜನ. ಬೈಯಲೂ ಮನಸ್ಸು ಬಾರದು.

ಅಡ್ಡಾದಿಡ್ಡಿ ಅದುರಿಗೆ ಅಡ್ಡಾದಿಡ್ಡಿ ಕಾರಣವೇ ಬೇಕೆಂದಿಲ್ಲ. ಮೋಟಾರಿಗೆ ನೇರ ಜೋಡಿಸಿದ ಫ್ಯಾನು ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24, ಕರಾರುವಾಕ್ಕಾಗಿ ತಿರುಗುತ್ತಿರಲಿ. ಅದರ ಅಸಮತೋಲ, ಅಂದರೆ ಒಂದು ಬದಿಗೆ ಹೆಚ್ಚಾದ ತೂಕ, ಪ್ರತಿ ಸುತ್ತಿಗೂ ಅದೇ ಬಲದಿಂದ ತಳ್ಳಲಿ. ಬುಡದ ಬೋಲ್ಟ್ ಸಡಿಲವಾಗಿದ್ದರೆ ಸಾಕು. ಮೋಟಾರಿನ ಪಾದ ಮೇಲೇಳುವಾಗ ತಡೆಯಿಲ್ಲ, ಇಳಿಯುವಾಗ ಕಾಂಕ್ರೀಟು ಕುಕ್ಕುತ್ತದೆ. ಹೆಚ್ಚು ಎದ್ದ ಸಲ ತಡವಾಗಿ ಇಳಿಯುತ್ತದೆ. ತಡವಾದಾಗ ಮುಂದಿನ ತಳ್ಳು ಬೇರೆ ಗಳಿಗೆಯಲ್ಲಿ ತಾಗುತ್ತದೆ. ಹಾಗೆ ತಾಗಿದ್ದರಿಂದ ಮುಂದಿನ ನೆಗೆತವೂ ಬದಲಾಗುತ್ತದೆ. ಮೊದಲು ಎರಡು ಸುತ್ತಿಗೊಂದು ಕುಕ್ಕು: ಅದುರು ಅಳೆಯುವ ಮಾಪಕದಲ್ಲಿ 24ರ ಪಕ್ಕ 12 ಹರ್ಟ್ಸ್, ಅಂದರೆ ಸೆಕೆಂಡಿಗೆ 12 ಅದುರು, ತಲೆಯೆತ್ತುತ್ತದೆ. ಸಡಿಲಿಕೆ ಹೆಚ್ಚಿದರೆ ಕೆಲವೊಮ್ಮೆ 6 ಹರ್ಟ್ಸ್, ಆಮೇಲೆ ಯಾವ ಲೆಕ್ಕಕ್ಕೂ ಸಿಗದ ಕುಣಿತ. ತಳ್ಳುವ ಬಲ ಮಾತ್ರ ಆಗಲೂ ಮೊದಲಿನಷ್ಟೇ ನಿಯತ.

1927ರಲ್ಲಿ ಹಾಲೆಂಡಿನ ಸಂಶೋಧಕರಾದ ವ್ಯಾನ್ ಡರ್ ಪೋಲ್ ಮತ್ತು ವ್ಯಾನ್ ಡರ್ ಮಾರ್ಕ್, ನಿಯಾನ್ ದೀಪದ ಸರ್ಕ್ಯೂಟಿಗೆ ನಿಯತ ಸಂಕೇತವನ್ನೇ ಕೊಟ್ಟಾಗಲೂ ಟೆಲಿಫೋನ್ ರಿಸೀವರಿನಲ್ಲಿ ಲಯವಿಲ್ಲದ ಗದ್ದಲ ಕೇಳಿದ್ದರು. ಅದು ಗೌಣವೆಂದು ಬದಿಗಿಟ್ಟರು. ಅಂಥವರೇ ಬದಿಗಿಟ್ಟ ಮೇಲೆ ಮಿಲ್ ಮಾಲೀಕರನ್ನು ದೂರಿ ಏನು ಫಲ?

ಹಾಗೆಂದು ಎಲ್ಲಕ್ಕೂ ಬೋಲ್ಟೇ ಕಾರಣ ಎನ್ನಲಾರೆ. ಬೇರಿಂಗ್ ಸವೆದಿರಬಹುದು, ಬ್ಲೇಡಿಗೆ ಮೆತ್ತಿದ ತೌಡು ಕಳಚಿ ಬೀಳುತ್ತಿರಬಹುದು. ವೋಲ್ಟೇಜ್ ನಿಜವಾಗಿಯೂ ಕೆಟ್ಟಿದ್ದರೆ ಮೀಟರ್ ಹೇಳುತ್ತದೆ, ಊಹೆ ಬೇಡ. ಅದಕ್ಕೂ ಮೊದಲು ಪಾದ ಮತ್ತು ಪೀಠ ಕೂಡುವ ಗೆರೆಗೆ ನಾಲ್ಕು ಹನಿ ಎಣ್ಣೆ ಬಿಡಿ. ಯಂತ್ರ ಓಡುವಾಗ ಅಲ್ಲಿ ಗುಳ್ಳೆ ಎದ್ದರೆ ಪಾದ ಎದ್ದಿಳಿಯುತ್ತಿದೆ ಎಂದೇ ಅರ್ಥ. ಹೆಗಲ ಟವೆಲ್ ಮಾತ್ರ ತೆಗೆದಿಟ್ಟು ಬಗ್ಗಿ.

ಗುಳ್ಳೆ ಕಂಡೊಡನೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿಯುವವರೂ ಇದ್ದಾರೆ. ಪೀಠ ಸಮವಿಲ್ಲದಿದ್ದರೆ ಮೋಟಾರಿನ ಚೌಕಟ್ಟೇ ತಿರುಚಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿ, ಸಂದು ಅಳೆದು, ಅಷ್ಟೇ ದಪ್ಪದ ತಗಡು ಕೊಟ್ಟು, ಆಮೇಲೆ ಬಿಗಿಯಿರಿ.