‘ಯಾ, ನೋ’ ಅಂದವರಿಗೆ ಗೊಂದಲವಿಲ್ಲ

ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರುವವರಲ್ಲಿ ಹೆಚ್ಚಿನವರು ಐಟಿಯವರು, ದಿನವೂ ವಿದೇಶಿ ಕ್ಲೈಂಟ್‌ಗಳ ಜೊತೆ ಕಾಲ್‌ನಲ್ಲಿರುವವರು. ಪ್ರತಿ ಬ್ಯಾಚಿನಲ್ಲೂ ಒಂದು ದೂರು ತಪ್ಪುವುದಿಲ್ಲ: ‘ಮೇಡಂ, ಅವರು ಒಂದೇ ಉಸಿರಲ್ಲಿ ಯಾ, ನೋ ಅಂತಾರೆ. ಅವರಿಗೇ ಇಂಗ್ಲಿಷ್ ಸರಿಯಾಗಿ ಬರಲ್ವಾ?’

ಬರುತ್ತದೆ ಕಣ್ರೀ. ಆ ಎರಡು ಪದಗಳನ್ನು ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರ ಅಂತ ದಯವಿಟ್ಟು ಲೆಕ್ಕ ಹಾಕಬೇಡಿ. ಒಂದೊಂದು ಪದವೂ ಒಂದೊಂದಕ್ಕೆ ಉತ್ತರ. ‘ಶುಕ್ರವಾರ ಕೊಡಬಹುದಾ?’ ಅಂದಾಗ ‘ಯಾ, ನೋ, ಮಂಡೇ’ ಅಂದರೆ, ‘ಯಾ’ ನಿಮ್ಮ ಮಾತು ಕೇಳಿಸಿತು ಅನ್ನುವುದಕ್ಕೆ, ‘ನೋ’ ಶುಕ್ರವಾರಕ್ಕೆ. ‘ಮೀಟಿಂಗ್ ಮುಂದೆ ಹಾಕಿದರೆ ತೊಂದರೆ ಇಲ್ಲ ತಾನೇ?’ ಅಂತ ನೀವು ಅಳುಕುತ್ತಾ ಕೇಳಿದಾಗ ಬರುವ ‘ನೋ, ಯಾ, ದಟ್ಸ್ ಫೈನ್’ನಲ್ಲಿ ‘ನೋ’ ನಿಮ್ಮ ಅಳುಕಿಗೆ, ‘ಯಾ’ ನಿಮ್ಮ ಕೋರಿಕೆಗೆ. ಆಸ್ಟ್ರೇಲಿಯಾದ ಆಟಗಾರರು ಸಂದರ್ಶನದಲ್ಲಿ ಹೀಗೆ ಮಾತಾಡುವುದನ್ನು ನೀವೂ ಕೇಳಿರಬಹುದು. ಹೊಗಳಿಕೆಯನ್ನು ‘ಯಾ’ ಅಂತ ತಗೊಂಡು, ಜಂಬ ಅನಿಸದಿರಲಿ ಅಂತ ‘ನೋ’ ಸೇರಿಸುತ್ತಾರೆ. ಅಲ್ಲಿನ ಭಾಷಾತಜ್ಞರಾದ ಕೇಟ್ ಬರಿಜ್ ಮತ್ತು ಮಾರ್ಗರೆಟ್ ಫ್ಲೋರಿ 2002ರಲ್ಲೇ ಈ ಜೋಡಿಪದದ ಮೇಲೆ ಸಂಶೋಧನಾ ಲೇಖನ ಬರೆದಿದ್ದಾರೆ.

ನಿಜವಾದ ಅಪಾಯ ಇರುವುದು ನಮ್ಮ ಉತ್ತರದಲ್ಲಿ. ‘ಊಟ ಆಗಿಲ್ವಾ?’ ಅಂದರೆ ನಾವು ‘ಹೌದು, ಆಗಿಲ್ಲ’ ಅಂತೀವಿ, ಅಲ್ವಾ? ಕೇಳಿದವರ ಊಹೆ ಸರಿ ಅಂತ ಮೊದಲು ಒಪ್ಪುತ್ತೇವೆ. ಇಂಗ್ಲಿಷ್‌ನಲ್ಲಿ ಆಗದ ಕೆಲಸಕ್ಕೆ ‘ನೋ’ ಅನ್ನಬೇಕು. ‘ಟೆಸ್ಟಿಂಗ್ ಮುಗಿದಿಲ್ವಾ?’ ಅಂತ ಕ್ಲೈಂಟ್ ಕೇಳಿದ್ದಕ್ಕೆ ನನ್ನ ವಿದ್ಯಾರ್ಥಿಯೊಬ್ಬ, ತುಂಬಾ ಪ್ರಾಮಾಣಿಕ ಹುಡುಗ, ಬರೀ ‘ಯೆಸ್’ ಅಂದ. ಮುಗಿದಿದೆ ಅಂತ ಆ ಕಡೆ ಅರ್ಥವಾಯಿತು. ಪಾಪ, ಸುಮ್ನೆ ಸುಳ್ಳುಗಾರ ಅನಿಸಿಕೊಂಡ. ‘ಯಾ, ನೋ, ನಾಟ್ ಯೆಟ್’ ಅಂದಿದ್ದರೆ ಸಾಕಿತ್ತು. ನಮ್ಮ ‘ಹೌದು’ ಕೂಡ ಬಂತು, ಅವರಿಗೆ ಬೇಕಾದ ‘ನೋ’ ಕೂಡ ಬಂತು.

ಹೇಳುವುದೊಂದು, ಅರ್ಥ ಇನ್ನೊಂದು ಅನಿಸುವ ‘ಐ ಕುಡ್ ಕೇರ್ ಲೆಸ್’ ಕಥೆ ಬೇರೆ. ಅಮೆರಿಕದಲ್ಲಿ ಅದಕ್ಕೂ ‘ಐ ಕುಡಂಟ್ ಕೇರ್ ಲೆಸ್’ಗೂ ಒಂದೇ ಅರ್ಥ, ನನಗೇನೂ ಆಗಬೇಕಿಲ್ಲ ಅಂತ. ಅದನ್ನು ಬಿಡಿಸಿ ನೋಡಲು ಹೋಗಬೇಡಿ, ಇಡಿಯಾಗಿ ಕಲಿಯಿರಿ.

‘ಹಾಗಾದರೆ ಯಾ, ನೋ ಅಂದಾಗ ಕೊನೆಯ ಪದವೇ ಉತ್ತರ ಅಂತ ಬರೆದುಕೊಳ್ಳಲಾ?’ ಅಂತ ಕೇಳುತ್ತಾರೆ. ಎಷ್ಟೋ ಸಲ ಹೌದು. ಆದರೆ ಅದನ್ನೇ ನಿಯಮ ಅಂತ ನಂಬಬೇಡಿ. ಧ್ವನಿ ಗಮನಿಸಿ, ಮುಂದೆ ಬರುವ ವಾಕ್ಯಕ್ಕೆ ಕಾಯಿರಿ. ದುಡ್ಡಿನ ವಿಷಯವೋ ಗಡುವಿನ ವಿಷಯವೋ ಆದರೆ ‘ಸೋ, ಮಂಡೇ?’ ಅಂತ ಇನ್ನೊಮ್ಮೆ ಕೇಳಿ, ಕಾಲ್ ಮುಗಿದ ಮೇಲೆ ಒಂದು ಮೇಲ್ ಹಾಕಿ.