ಹ್ಯೂಯಿ ಲಾಂಗ್: ರಸ್ತೆ ಹಾಕ್ಸಿದ್ದೂ ಅವ್ನೇ, ರಾಜ್ಯಾನ ಜೇಬಿಗೆ ಹಾಕ್ಕೊಂಡಿದ್ದೂ ಅವ್ನೇ

ಫಸ್ಟ್ ಒಂದು ಕನ್‌ಫ್ಯೂಷನ್ ತೆಗೆದುಬಿಡೋಣ. ಗವರ್ನರ್ ಅಂದ ತಕ್ಷಣ ನಮಗೆ ನೆನಪಾಗೋದು ರಾಜಭವನ, ರಾಷ್ಟ್ರಪತಿ ನೇಮಕ ಮಾಡಿದ ರಾಜ್ಯಪಾಲರು, ಜಂಟಿ ಅಧಿವೇಶನದ ಭಾಷಣ. ಅಮೆರಿಕದಲ್ಲಿ ಹಂಗಲ್ಲ, ಅಲ್ಲಿ ಗವರ್ನರನ್ನ ಜನಾನೇ ನೇರವಾಗಿ ವೋಟ್ ಹಾಕಿ ಆರಿಸ್ತಾರೆ, ಆಡಳಿತ ಪೂರ್ತಿ ಅವ್ರ ಕೈಲೇ, ಅಂದ್ರೆ ಕೆಲಸದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ರ, ಆದ್ರೆ ಸದನದಲ್ಲಿ ಬಹುಮತ ಹೋಯ್ತು ಅಂತ ಕುರ್ಚಿ ಹೋಗಲ್ಲ. ಅವಿಶ್ವಾಸ ನಿರ್ಣಯ ಅನ್ನೋದೇ ಇಲ್ಲ. ಶಾಸಕರಿಗೆ ಗವರ್ನರನ್ನ ಇಳಿಸ್ಬೇಕು ಅಂದ್ರೆ ಇಂಪೀಚ್‌ಮೆಂಟ್ ಮಾಡ್ಬೇಕು, ಅಂದ್ರೆ ಕೆಳಮನೆ ಆರೋಪ ಹೊರಿಸ್ಬೇಕು, ಮೇಲ್ಮನೆ ವಿಚಾರಣೆ ಮಾಡಿ ತೆಗೀಬೇಕು. ಇದು ಮುಂದೆ ಬೇಕಾಗುತ್ತೆ, ನೆನಪಿಟ್ಕೊಳ್ಳಿ.

ಈಗ ಹ್ಯೂಯಿ ಲಾಂಗ್. ಲೂಯಿಸಿಯಾನಾ ರಾಜ್ಯ, ಗವರ್ನರ್ ಆಗಿದ್ದು 1928ರಿಂದ 1932, ಆಮೇಲೆ ಸೆನೆಟರ್ (ಅಮೆರಿಕದ ಸಂಸತ್ತಿನ ಮೇಲ್ಮನೆ ಸದಸ್ಯ), 1935ರಲ್ಲಿ ಗುಂಡೇಟಿಗೆ ಸತ್ತಾಗ ವಯಸ್ಸು ಬರೀ 42. ಎರಡು ಮಾರ್ಕ್ಸ್ ಪ್ರಶ್ನೆಗೆ ಇಷ್ಟು ಸಾಕು. ನಾನು ಮೊದಲ ಸಲ ನೋಟ್ಸ್ ಮಾಡ್ಕೊಂಡಾಗ ಹಾಳೆ ಮಧ್ಯ ಸ್ಕೇಲ್ ಇಟ್ಟು ಗೆರೆ ಎಳೆದು ಎಡಗಡೆ ಒಳ್ಳೇ ಕೆಲಸ, ಬಲಗಡೆ ಕೆಟ್ಟ ಕೆಲಸ ಅಂತ ಬರೆದಿದ್ದೆ, ನೋಡೋಕೆ ಚೆನ್ನಾಗೇ ಇತ್ತು. ಎರಡನೇ ಸಲ ಓದ್ವಾಗ ಗೊತ್ತಾಯ್ತು, ಆ ಗೆರೇನೇ ತಪ್ಪು. ಯಾಕೆ ಅಂತ ಹೇಳ್ತೀನಿ.

ಹುಟ್ಟಿದ್ದು 1893ರ ಆಗಸ್ಟ್ 30, ವಿನ್‌ಫೀಲ್ಡ್ ಅನ್ನೋ ಊರಲ್ಲಿ, ಒಂಬತ್ತು ಮಕ್ಕಳಲ್ಲಿ ಏಳನೆಯವ್ನು. ಊರೂರು ಸುತ್ತಿ ಕಾಟೊಲೀನ್ ಅಂತ ಒಂದು ಅಡುಗೆ ಕೊಬ್ಬು ಮಾರ್ತಿದ್ದ, ನಮ್ಮ ಡಾಲ್ಡಾ ಥರದ್ದು ಅಂದ್ಕೊಳ್ಳಿ. ಅದನ್ನ ಮಾರೋಕೆ ಕೇಕ್ ಮಾಡೋ ಸ್ಪರ್ಧೆ ಇಡ್ತಿದ್ದ, ಶ್ರೀವ್‌ಪೋರ್ಟ್‌ನಲ್ಲಿ ಹಂಗೆ ಇಟ್ಟ ಸ್ಪರ್ಧೇಲೇ ರೋಸ್ ಮೆಕಾನಲ್ ಪರಿಚಯ ಆಗಿ 1913ರಲ್ಲಿ ಮದ್ವೆ. ಆಮೇಲೆ ಟುಲೇನ್ ಯೂನಿವರ್ಸಿಟೀಲಿ ಒಂದು ವರ್ಷಾನೂ ಪೂರ್ತಿ ಕಾನೂನು ಓದ್ದೇ 1915ರಲ್ಲಿ ವಕೀಲರ ಪರೀಕ್ಷೆ ಪಾಸ್ ಮಾಡ್ಬಿಟ್ಟ, ಆಗ 21 ವರ್ಷ. 1918ರಲ್ಲಿ ರೈಲ್ವೆ ಕಮಿಷನ್‌ಗೆ ಗೆದ್ದ. ಹೆಸರಿಗೆ ರೈಲ್ವೆ ಅಷ್ಟೇ, ಪೈಪ್‌ಲೈನ್ ಕೂಡ ಅದ್ರ ಕೈಗೇ ಬರ್ತಿತ್ತು, ಅಲ್ಲಿಂದಾನೇ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಜೊತೆ ಕುಸ್ತಿ ಶುರು. ಸ್ವಂತ ಸಿಟ್ಟೂ ಇತ್ತು, ಇವನು ದುಡ್ಡು ಹಾಕಿದ್ದ ಸಣ್ಣ ಎಣ್ಣೆ ಕಂಪನಿಗಳ ಎಣ್ಣೇನ ಸ್ಟ್ಯಾಂಡರ್ಡ್ ಆಯಿಲ್‌ನವರು ತಮ್ಮ ಪೈಪಲ್ಲಿ ಬಿಡಲ್ಲ ಅಂದಿದ್ರು.

1924ರಲ್ಲಿ ಗವರ್ನರ್‌ಗೆ ನಿಂತು ಸೋತ. ಎಲೆಕ್ಷನ್ ದಿನ ಮಳೆ ಬಂದು ಕೆಸರು ರಸ್ತೇಲಿ ನಮ್ಮ ಹಳ್ಳಿ ಜನ ಬೂತ್‌ಗೆ ಬರೋಕೇ ಆಗ್ಲಿಲ್ಲ ಅನ್ನೋದು ಅವನ ವಾದ. 1928ರಲ್ಲಿ ಗೆದ್ದ, 34ನೇ ವಯಸ್ಸಿಗೆ ಗವರ್ನರ್. ಇಲ್ಲಿ ಒಂದು ಪಾಯಿಂಟ್ ಬಿಡ್ಬೇಡಿ: ಆಗ ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ (ಪಕ್ಷದ ಅಭ್ಯರ್ಥೀನ ಆರಿಸೋ ಎಲೆಕ್ಷನ್) ಗೆದ್ರೆ ಗೆದ್ದಂಗೇ, ಆ ಪ್ರೈಮರಿಗೆ ಕಪ್ಪು ಜನರನ್ನ ಸೇರಿಸ್ತಾನೇ ಇರ್ಲಿಲ್ಲ. ಹಾಗಾಗಿ ‘ಬಡವರ ನಾಯಕ’ ಅಂತ ಬರೆಯೋವಾಗ ವೋಟ್ ಇದ್ದ ಬಡವರು ಯಾರು ಅನ್ನೋದನ್ನೂ ಒಂದು ಸಾಲು ಬರೀರಿ.

ರಸ್ತೆ ವಿಷಯಕ್ಕೆ ಬರ್ತೀನಿ, ನನಗೆ ಇದೇ ಇಷ್ಟದ ಭಾಗ. ಅವನು ಬಂದಾಗ ಇಡೀ ರಾಜ್ಯದಲ್ಲಿ ಪಕ್ಕಾ ರಸ್ತೆ ಅಂತ ಇದ್ದಿದ್ದು ಮುನ್ನೂರು ಚಿಲ್ಲರೆ ಮೈಲಿ. ಸಾಲಪತ್ರ ಮಾರಿ, ಪೆಟ್ರೋಲ್ ಮೇಲೆ ಟ್ಯಾಕ್ಸ್ ಹಾಕಿ ದುಡ್ಡು ಎತ್ತಿದ. ಆದ್ರೆ ಒಂದೇ ಕಡೆ ಉದ್ದಕ್ಕೆ ಹಾಕ್ಕೊಂಡು ಹೋಗ್ಲಿಲ್ಲ, ಒಂದೊಂದು ಪ್ಯಾರಿಷ್‌ನಲ್ಲೂ (ಅಲ್ಲಿ ಜಿಲ್ಲೆಗೆ ಪ್ಯಾರಿಷ್ ಅಂತಾರೆ) ಐದು ಮೈಲಿ, ಹತ್ತು ಮೈಲಿ ಅಷ್ಟೇ ಹಾಕಿ ಬಿಟ್ಟ. ನೀವು ಗಾಡೀಲಿ ಹೋಗ್ತಿದ್ದೀರಿ ಅಂದ್ಕೊಳ್ಳಿ, ಹತ್ತು ಮೈಲಿ ನುಣ್ಣಗೆ, ಆಮೇಲೆ ಚಕ್ರ ಧಡ್ ಅಂತ ಮತ್ತೆ ಅದೇ ಕೆಸರಿಗೆ ಇಳೀತು. ಉಳಿದಿದ್ದು ಯಾವಾಗ ಅಂತ ಕೇಳೋರು ನೀವೇ. ರುಚಿ ಹತ್ತಿಸಿ ತಟ್ಟೆ ಎತ್ಕೊಂಡಂಗೆ. ಒಂದೊಂದ್ಸಲ ಅನ್ಸುತ್ತೆ, ಕಾಟೊಲೀನ್ ಮಾರೋವಾಗ ಕಲ್ತ ಸ್ಯಾಂಪಲ್ ವಿದ್ಯೆ ಇದು ಅಂತ.

ಆ ರಸ್ತೆ ಕೆಲ್ಸಕ್ಕೆ ಸಾವಿರಾರು ಜನ ಬೇಕಲ್ವಾ, ಸೇರಿಸ್ಕೊಳ್ಳೋದು ಯಾರನ್ನ? ತನ್ನ ಕಡೆಯವರನ್ನ. ಸರ್ಕಾರಿ ಕೆಲಸದಲ್ಲಿ ಇರೋರ ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ ಕಟ್ ಆಗಿ ಒಂದು ಫಂಡ್‌ಗೆ ಹೋಗ್ತಿತ್ತು, ಅದಕ್ಕೆ ಜನ ಇಟ್ಟ ಹೆಸರು ಡಿಡಕ್ಟ್ ಬಾಕ್ಸ್. ಊರಿನ ಪತ್ರಿಕೆಗಳೆಲ್ಲ ಅವನ ವಿರುದ್ಧ ಬರೀತಿದ್ವು, ಸೋ ಆ ದುಡ್ಡಲ್ಲಿ ಕರಪತ್ರ ಅಚ್ಚು ಹಾಕ್ಸಿ, ಅದೇ ಸರ್ಕಾರಿ ನೌಕರರ ಕೈಲೇ ಮನೆ ಮನೆಗೆ ಹಂಚಿಸ್ತಿದ್ದ. 1930ರಲ್ಲಿ ಸ್ವಂತ ಪತ್ರಿಕೇನೂ ಶುರು ಮಾಡ್ದ. ಹುದ್ದೆ ಕೊಡೋ ಮೊದ್ಲೇ ತಾರೀಖು ಹಾಕದ ರಾಜೀನಾಮೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡು ಇಟ್ಕೊಳ್ಳೋದು ಬೇರೆ. ಈಗ ಹೇಳಿ, ರಸ್ತೆ ಎಡಗಡೆ, ಡಿಡಕ್ಟ್ ಬಾಕ್ಸ್ ಬಲಗಡೆ ಅಂತ ಹೆಂಗೆ ಬರೀತೀರಾ? ರಸ್ತೆಯಿಂದ ಕೆಲಸ, ಕೆಲಸದಿಂದ ದುಡ್ಡು, ದುಡ್ಡಿಂದ ಕರಪತ್ರ, ಕರಪತ್ರದಿಂದ ವೋಟು, ವೋಟಿಂದ ಮತ್ತೆ ರಸ್ತೆ. ಗಾಣದ ಎತ್ತು ಥರ ಸುತ್ತುತ್ತೆ.

ಪುಸ್ತಕದ ಕತೇನೂ ಹಂಗೇ. ಶಾಲಾ ಮಕ್ಕಳಿಗೆ ಫ್ರೀ ಪಠ್ಯಪುಸ್ತಕ ಅಂತ ತಂದ, ಚರ್ಚಿನವರ ಶಾಲೆ ಮಕ್ಕಳಿಗೂ ಸೇರಿಸಿ. ಸರ್ಕಾರದ ದುಡ್ಡು ಖಾಸಗಿ, ಧಾರ್ಮಿಕ ಶಾಲೆಗೆ ಹೆಂಗೆ ಅಂತ ಕೇಸ್ ಬಿತ್ತು, ಪುಸ್ತಕ ಕೊಡ್ತಿರೋದು ಶಾಲೆಗಲ್ಲ ಮಗುವಿಗೆ ಅನ್ನೋ ವಾದ 1930ರಲ್ಲಿ ಸುಪ್ರೀಂ ಕೋರ್ಟಲ್ಲೂ ನಿಂತ್ಕೊಳ್ತು. ಕಾಕ್ರನ್ ಕೇಸ್ ಅಂತಾರೆ, ಸಂವಿಧಾನದ ಪೇಪರ್ ಇರೋರು ಅಂಡರ್‌ಲೈನ್ ಮಾಡ್ಕೊಳ್ಳಿ. ಇತ್ತ ಶ್ರೀವ್‌ಪೋರ್ಟ್ ಕಡೆಯವರು ನಮಗೆ ನಿಮ್ಮ ಪುಕ್ಕಟೆ ಪುಸ್ತಕ ಬೇಡ ಅಂದ್ರು. ಅವರಿಗೆ ಆಗ ಸೇನೆಯ ಏರ್‌ಫೀಲ್ಡ್ ಬೇಕಿತ್ತು, ಅದಕ್ಕೆ ರಾಜ್ಯದ ಒಪ್ಪಿಗೆ ಬೇಕು. ಪುಸ್ತಕ ತಗೊಳ್ಳೋತನಕ ಒಪ್ಪಿಗೆ ಇಲ್ಲ ಅಂತ ಇವನು ಕೂತ. ತಗೊಂಡ್ರು. ಮಕ್ಕಳಿಗೆ ಪುಸ್ತಕ ಸಿಕ್ಕಿದ್ದು ಒಳ್ಳೇದೇ, ಸಿಕ್ಕಿದ ರೀತಿ ಬ್ಲ್ಯಾಕ್‌ಮೇಲು.

ಇನ್ನು ಇಂಪೀಚ್‌ಮೆಂಟ್. 1929ರಲ್ಲಿ, ಸಂಸ್ಕರಿಸಿದ ಎಣ್ಣೆಗೆ ಬ್ಯಾರೆಲ್‌ಗೆ ಐದು ಸೆಂಟ್ ಟ್ಯಾಕ್ಸ್ ಹಾಕ್ತೀನಿ ಅಂತ ವಿಶೇಷ ಅಧಿವೇಶನ ಕರೆದ. ಸ್ಟ್ಯಾಂಡರ್ಡ್ ಆಯಿಲ್ ಸುಮ್ನಿರುತ್ತಾ? ವಿರೋಧಿಗಳೆಲ್ಲ ಒಂದಾಗಿ ಇವನನ್ನೇ ತೆಗೀಬೇಕು ಅಂತ ಹೊರಟ್ರು. ಮಾರ್ಚ್ 25ಕ್ಕೆ ಸದನ ಮುಂದೂಡೋಕೆ ವೋಟ್ ಹಾಕ್ಸಿದ್ರೆ ಮತಯಂತ್ರದ ಬೋರ್ಡ್ ತಪ್ಪು ತೋರಿಸ್ತು, ಬೇಕಂತ್ಲೇ ಮಾಡಿದ್ದಾರೆ ಅಂತ ಮೇಜು ಹತ್ತಿ ಹಾರಿ ಹೊಡೆದಾಡಿದ್ರು, ರಕ್ತಾನೂ ಬಂತು, ಅದಕ್ಕೇ ಬ್ಲಡಿ ಮಂಡೇ ಅಂತ ಹೆಸರು. ಕೆಳಮನೆ ಇಂಪೀಚ್ ಮಾಡ್ತು. ಆದ್ರೆ ಶಿಕ್ಷೆ ಆಗ್ಬೇಕು ಅಂದ್ರೆ ರಾಜ್ಯದ ಸೆನೆಟ್‌ನಲ್ಲಿ (ಅಲ್ಲಿನ ಮೇಲ್ಮನೆ) ಮೂರನೇ ಎರಡು ಭಾಗ ಬೇಕು. ಒಟ್ಟು 39 ಜನ, ಬೇಕಾಗಿದ್ದು 26, ಅಂದ್ರೆ 14 ಜನ ಇವನ ಕಡೆ ಉಳಿದ್ರೆ ಕೇಸ್ ಸತ್ತಂಗೆ. ಸಾಕ್ಷಿ ಏನೇ ಬರ್ಲಿ ನಾವು ಇವನ ವಿರುದ್ಧ ವೋಟ್ ಹಾಕಲ್ಲ ಅಂತ ಬರೆದ ಕಾಗದಕ್ಕೆ 15 ಜನರ ಸೈನ್ ಹಾಕಿಸ್ಕೊಂಡು ಬಂದ. ರೌಂಡ್ ರಾಬಿನ್ ಅಂತ ಅದರ ಹೆಸರು. ವಿಚಾರಣೆ ಅಲ್ಲಿಗೇ ಮುಗೀತು. ಆಮೇಲೆ ಸೈನ್ ಹಾಕಿದ ಹಲವರಿಗೆ ಒಳ್ಳೊಳ್ಳೇ ಹುದ್ದೆ ಸಿಕ್ತು, ವಿರೋಧಿಗಳ ನೆಂಟರಿಷ್ಟರ ಕೆಲಸ ಹೋಯ್ತು.

1930ರಲ್ಲಿ ಗವರ್ನರ್ ಆಗಿದ್ಕೊಂಡೇ ವಾಷಿಂಗ್ಟನ್‌ನ ಸೆನೆಟ್‌ಗೆ ಗೆದ್ದ, ಆದ್ರೆ 1932ರ ಜನವರಿವರೆಗೂ ಹೋಗ್ಲೇ ಇಲ್ಲ. ಹೋದ್ರೆ ಕುರ್ಚಿ ಪಾಲ್ ಸೀರ್ ಅನ್ನೋ ಲೆಫ್ಟಿನೆಂಟ್ ಗವರ್ನರ್‌ಗೆ ಹೋಗುತ್ತೆ, ಅವನು ಇವನಿಗೆ ಆಗದವ್ನು. ಸೀರ್ ತಾನೇ ಗವರ್ನರ್ ಅಂತ ಪ್ರಮಾಣವಚನ ತಗೊಂಡ, ಇವನು ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ನ್ಯಾಷನಲ್ ಗಾರ್ಡ್ (ರಾಜ್ಯದ ಸೇನಾಪಡೆ) ನಿಲ್ಲಿಸಿ, ಹಂಗೆ ಪ್ರಮಾಣ ಮಾಡಿದ್ರಿಂದ ನಿನ್ನ ಹಳೇ ಹುದ್ದೇನೂ ಹೋಯ್ತು ಅಂದ. ಆಮೇಲೆ ಊರಿನ ಗೆಳೆಯ ಓ.ಕೆ. ಆಲನ್ ಗವರ್ನರ್ ಆದ, ರಾಜ್ಯ ನಡೆಸಿದ್ದು ಮಾತ್ರ ಸೆನೆಟರ್ ಸಾಹೇಬ್ರೇ. 1934ರ ‘ಷೇರ್ ಅವರ್ ವೆಲ್ತ್’ ಯೋಜನೆ (ದೊಡ್ಡ ಶ್ರೀಮಂತರ ಆಸ್ತಿಗೆ ಮಿತಿ, ಪ್ರತಿ ಕುಟುಂಬಕ್ಕೆ 5,000 ಡಾಲರ್) ಆಗಿನ ಅಧ್ಯಕ್ಷ ರೂಸ್‌ವೆಲ್ಟ್‌ಗೂ ತಲೆನೋವಾಯ್ತು, ಅದಕ್ಕೆ ಬೇರೆ ನೋಟ್ಸ್ ಬೇಕು.

1935ರ ಸೆಪ್ಟೆಂಬರ್ 8, ಭಾನುವಾರ ರಾತ್ರಿ, ತಾನೇ ಕಟ್ಟಿಸಿದ 34 ಅಂತಸ್ತಿನ ಶಾಸನಸಭೆ ಕಟ್ಟಡದ ಕಾರಿಡಾರಲ್ಲೇ ಗುಂಡು ತಗುಲ್ತು. ಕಾರ್ಲ್ ವೈಸ್ ಅನ್ನೋ ಯುವ ಡಾಕ್ಟರ್ ಹೊಡೆದ ಅಂತ ಅಧಿಕೃತ ಮಾತು, ಅವನ ಮಾವ ಜಡ್ಜ್ ಪೇವಿಯನ್ನ ಮೂಲೆಗುಂಪು ಮಾಡೋ ಮಸೂದೆ ಆಗ ಸದನದಲ್ಲಿತ್ತು. ಬಾಡಿಗಾರ್ಡ್‌ಗಳು ವೈಸ್‌ನನ್ನ ಅಲ್ಲೇ ಕೊಂದ್ಹಾಕಿದ್ರಿಂದ ಅವನ ಬಾಯಿಂದ ಒಂದು ಮಾತೂ ಬರ್ಲಿಲ್ಲ. ಲಾಂಗ್ ಸತ್ತಿದ್ದು 10ನೇ ತಾರೀಖು. ಸಮಾಧಿ ಆ ಕಟ್ಟಡದ ಎದುರಿಗೇ, ಅಲ್ಲಿರೋ ಪ್ರತಿಮೆ ಮುಖಾನೂ ಕಟ್ಟಡದ ಕಡೆಗೇ. ಹೆಂಡ್ತಿ ರೋಸ್ ಅವನ ಸೆನೆಟ್ ಸೀಟಿಗೆ ಹೋದ್ಲು, ತಮ್ಮ ಅರ್ಲ್ ಮೂರು ಬೇರೆ ಬೇರೆ ಅವಧಿಗೆ ಗವರ್ನರ್ ಆದ, ಮಗ ರಸೆಲ್ 1948ರಿಂದ 1987ರವರೆಗೆ ಸೆನೆಟರ್. ಆ ಫಂಡ್‌ನ ದುಡ್ಡಿದ್ದ ಡಿಡಕ್ಟ್ ಬಾಕ್ಸ್ ಮಾತ್ರ ಯಾರಿಗೂ ಸಿಗ್ಲಿಲ್ಲ.